ಅವಳು ಓಡಿಸಿದರೆ ನಿಲ್ಲುವ ಗಾಡಿ

ಸುಟ್ಟ ವಾರ್ನಿಷಿನ ವಾಸನೆ ಮೂಗಿಗೆ ತಾಕಿದರೆ ಈಗಲೂ ನನಗೆ ಏಳು ವರ್ಷ. ಅಪ್ಪನ ಮೋಟಾರು ವೈಂಡಿಂಗ್ ಅಂಗಡಿಯ ಮೂಲೆಯಲ್ಲಿ, ತಾಮ್ರದ ತಂತಿ ಮುಗಿದ ಖಾಲಿ ಉರುಳೆಯ ಮೇಲೆ ಕೂತು ನಾನು ಮಗ್ಗಿ ಬರೆಯುತ್ತಿದ್ದೆ. ಕೆಟ್ಟ ಫ್ಯಾನೋ ಪಂಪೋ ಬಂದರೆ ಅಪ್ಪ ಮೊದಲು ಅದನ್ನು ಮೂಸಿ ನೋಡುತ್ತಿದ್ದರು. ಗಂಟಲಿನ ಹಿಂಭಾಗಕ್ಕೆ ಅಂಟಿಕೊಳ್ಳುವ ವಾಸನೆ ಅದು. ಅದು ಬಂತೆಂದರೆ ಅಪ್ಪ ಸ್ಪ್ಯಾನರ್ ಕೆಳಗಿಟ್ಟು ಗಿರಾಕಿಗೆ ಕುರ್ಚಿ ಎಳೆದು ಕೊಡುತ್ತಿದ್ದರು. ಕೆಟ್ಟ ಸುದ್ದಿಯನ್ನು ನಿಂತವರಿಗೆ ಹೇಳಬಾರದು ಎಂಬುದು ಅವರ ಪದ್ಧತಿ.

ಆ ವಾಸನೆ ಅರುವತ್ತೈದು ವರ್ಷದ ಮೇಲೆ ಒಂದು ಸೋಮವಾರದ ಸಂಜೆ ನಮ್ಮ ಅಂಗಳಕ್ಕೆ ಬಂತು. ಸೊಸೆ ಗಾಡಿ ತಂದು ನಿಲ್ಲಿಸಿದ್ದಳು. ಮೂವತ್ತು ವರ್ಷ ಹಳೆಯ ಫೋರ್‌ವೀಲ್ ಡ್ರೈವ್ ಡೀಸೆಲ್ ಗಾಡಿ ಅದು. ಅವಳು ಆರೋಗ್ಯ ಕೇಂದ್ರದ ನರ್ಸು. ವಾರಕ್ಕೆರಡು ದಿನ ಆ ಗಾಡಿಯಲ್ಲಿ ಗುಡ್ಡದ ಮೇಲಿನ ನಾಲ್ಕು ಊರುಗಳಿಗೆ ಲಸಿಕೆ, ಔಷಧಿ ಒಯ್ಯುತ್ತಾಳೆ. ಬೇರೆ ಗಾಡಿ ಅಲ್ಲಿಗೆ ಹತ್ತುವುದಿಲ್ಲ.

"ಹಳ್ಳದಲ್ಲಿ ನೀರು ಜಾಸ್ತಿ ಇತ್ತು. ದಾಟಿದ್ಮೇಲೆ ಏನೋ ಸುಟ್ಟ ವಾಸನೆ," ಅಂದಳು.

ಮನೆಯ ಪಕ್ಕದ ಶೆಡ್ಡೇ ನನ್ನ ಮಗನ ವರ್ಕ್‌ಶಾಪು. ವಾಹನಗಳ ವೈರಿಂಗ್ ಕೆಲಸ ಅವನದು. ಬಾನೆಟ್ ಎತ್ತಿ ಬಗ್ಗಿದ. ನಾನು ಬಾಗಿಲಲ್ಲೇ ನಿಂತು, "ಆಲ್ಟರ್ನೇಟರ್ ಸುಟ್ಟಿದೆ ಕಣೋ," ಅಂದೆ.

"ಅಮ್ಮ, ನೀನು ಬಾಗಿಲಿಂದಲೇ ರಿಪೇರಿ ಮಾಡ್ಬಿಡ್ತೀಯ," ಅಂತ ನಕ್ಕ. ಬಿಚ್ಚಿ ನೋಡಿದರೆ ಒಳಗಿನ ಸುರುಳಿ ಕಪ್ಪಗೆ ಇದ್ದಿಲಾಗಿತ್ತು.

ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುವುದು ಈ ಆಲ್ಟರ್ನೇಟರಿನ ಕೆಲಸ. ಅದು ಸತ್ತರೆ ಗಾಡಿ ಕೂಡಲೇ ನಿಲ್ಲುವುದಿಲ್ಲ. ಹಳೆಯ ಡೀಸೆಲ್ ಎಂಜಿನ್ನು ಒಮ್ಮೆ ಶುರುವಾದರೆ ಬ್ಯಾಟರಿಯ ಹಂಗಿಲ್ಲದೆ ಓಡುತ್ತದೆ. ಎಲ್ಲಾದರೂ ಆರಿಸಿದರೆ ಮಾತ್ರ ಮುಗಿಯಿತು. ಮತ್ತೆ ಶುರು ಮಾಡಲು ಬ್ಯಾಟರಿಯಲ್ಲಿ ಜೀವ ಬೇಕು. ಸೊಸೆಯ ಗಾಡಿಯಲ್ಲಂತೂ ಲಸಿಕೆಯ ತಂಪು ಪೆಟ್ಟಿಗೆ ಬೇರೆ ಅದೇ ಬ್ಯಾಟರಿಯಿಂದ ಕರೆಂಟು ಹೀರುತ್ತಿರುತ್ತದೆ.

ಮಗ ಎರಡು ದಿನ ಹುಡುಕಿ ಗುಜರಿಯಿಂದ ಅದೇ ಮಾದರಿಯ ಇನ್ನೊಂದು ಆಲ್ಟರ್ನೇಟರ್ ತಂದ. ಬೇರಿಂಗು, ಕಾರ್ಬನ್ನು ಹೊಸದು ಹಾಕಿದ. ಮೊಮ್ಮಗಳು ಅವನ ಜೊತೆಯೇ ಕೆಲಸ ಮಾಡುತ್ತಾಳೆ. ಇಪ್ಪತ್ತೆರಡು ವರ್ಷ, ಕಡ್ಡಿಯಂಥ ಮೈ. ಡ್ಯಾಶ್‌ಬೋರ್ಡಿನ ಕೆಳಗೆ ಎಲ್ಲಿ ಬೇಕಾದರೂ ತೂರುತ್ತಾಳೆಂದು ನನ್ನ ಮಗ ಅವಳನ್ನು ಇಲಿ ಅನ್ನುತ್ತಾನೆ. ಇಬ್ಬರೂ ಸೇರಿ ಕೂರಿಸಿದರು. ಅವನು ಸೀಟಿಗೆ ಹತ್ತಿ, ಕೀಲಿ ತಿರುಗಿಸಿ, ತನ್ನ ಅಭ್ಯಾಸದಂತೆ ಆಕ್ಸಿಲರೇಟರನ್ನು ಒಮ್ಮೆ ಜೋರಾಗಿ ತುಳಿದ. ಕಿಟಕಿಯ ಗಾಜು ಗಡಗಡ ಅಂದವು.

"ಎಷ್ಟು ತೋರಿಸ್ತಿದೆ?"

"ಹದಿನಾಲ್ಕು ಪಾಯಿಂಟ್ ಎರಡು," ಅಂದಳು ಇಲಿ, ಮೀಟರ್ ನೋಡಿ. ಹದಿನಾಲ್ಕು ವೋಲ್ಟಿನ ಹತ್ತಿರ ಇದ್ದರೆ ಬ್ಯಾಟರಿ ತುಂಬುತ್ತಿದೆ ಎಂದರ್ಥ, ಹನ್ನೆರಡಕ್ಕೆ ಇಳಿದರೆ ಇಲ್ಲ.

"ಮುಗೀತು," ಅಂತ ಕೈ ಒರೆಸಿಕೊಂಡ.

ಮುಗಿದಿರಲಿಲ್ಲ. ಗುರುವಾರ ಮಧ್ಯಾಹ್ನ ಮೂರನೇ ಊರಿನಲ್ಲಿ ಗಾಡಿ ನಿಂತಿತು. ಸೊಸೆ ಕೀಲಿ ತಿರುಗಿಸಿದರೆ ಟಕ್ ಟಕ್ ಅಂತ ಸದ್ದು, ಅಷ್ಟೆ. ಊರವರು ತಳ್ಳಿ, ಇಳಿಜಾರಿನಲ್ಲಿ ಬಿಟ್ಟು ಶುರು ಮಾಡಿಸಿದರಂತೆ. ಮನೆಗೆ ಬರುವಾಗ ಅವಳ ಸೀರೆಯ ಅಂಚು ಮೊಣಕಾಲಿನವರೆಗೆ ಕೆಸರಾಗಿತ್ತು.

ಮಗ ಊಟದ ತಟ್ಟೆ ಬಿಟ್ಟೆದ್ದು ಹೋಗಿ, ಬೇರೆ ಬ್ಯಾಟರಿ ತಗುಲಿಸಿ ಗಾಡಿ ಶುರು ಮಾಡಿದ. ಗುರ್ ಅನ್ನಿಸಿದ. ಮೀಟರ್ ಇಟ್ಟ. ಒಳಗೆ ಬಂದು ಕೂತ.

"ಚಾರ್ಜಿಂಗ್ ಸರಿಯಾಗಿದೆ. ಹೆಡ್‌ಲೈಟ್ ಏನಾದ್ರೂ ಹಾಕಿಟ್ಟಿದ್ಯಾ?"

"ಹಗಲು ಹೊತ್ತಲ್ಲಿ ಹೆಡ್‌ಲೈಟ್ ಹಾಕೋಕೆ ನನಗೇನು ಹುಚ್ಚಾ?"

"ಕೇಳ್ದೆ ಅಷ್ಟೆ."

"ನೀವು ಕೇಳೋ ರೀತಿ ನನಗೆ ಗೊತ್ತು."

ಇಲಿ ಬೇಳೆಯ ಪಾತ್ರೆಯನ್ನು ಇಬ್ಬರ ನಡುವೆ ತಂದಿಟ್ಟು, "ಯಾರಿಗೆ ಬೇಕು?" ಅಂದಳು. ಇಬ್ಬರೂ ಬೇಡ ಅಂದರು. ಅವಳು ನನ್ನ ತಟ್ಟೆಗೇ ಎರಡು ಸೌಟು ಸುರಿದಳು.

ಮುಂದಿನ ಸೋಮವಾರ ಮತ್ತೆ ನಿಂತಿತು. ಈ ಸಲ ತಂಪು ಪೆಟ್ಟಿಗೆ ಬಿಸಿಯಾಗಿ ಹದಿನೆಂಟು ಸೀಸೆ ಲಸಿಕೆ ಕೆಟ್ಟಿತು. ಮಾರನೆಯ ದಿನ ದೊಡ್ಡ ಡಾಕ್ಟರು ಸೊಸೆಯನ್ನು ಕರೆಸಿದರು. ಅವಳು ಬಂದು ಚಪ್ಪಲಿ ಬಿಡದೆ ಅಡುಗೆಮನೆಯ ಹೊಸ್ತಿಲಲ್ಲೇ ನಿಂತು ನನಗೆ ಹೇಳಿದಳು.

"ಇಪ್ಪತ್ತೆರಡನೇ ತಾರೀಕು ದೊಡ್ಡ ಲಸಿಕೆ ಸುತ್ತು ಇದೆ ಅತ್ತೆ. ಅವತ್ತು ಇನ್ನೊಂದ್ಸಲ ಗಾಡಿ ನಿಂತ್ರೆ ಮೇಲಿನ ಊರುಗಳ ಸುತ್ತನ್ನೇ ನಿಲ್ಲಿಸ್ತಾರಂತೆ. ಬೇಕಾದವರು ಕೆಳಗೆ ನಡ್ಕೊಂಡು ಬರ್ಲಿ ಅಂದ್ರು."

"ನಡೆದರೆ ಎಷ್ಟು ಹೊತ್ತು?"

"ಬಸುರಿ ಹೆಂಗಸರಿಗೆ ಆರು ಗಂಟೆ. ಯಾರು ಬರ್ತಾರೆ? ಬರಲ್ಲ. ಹನ್ನೊಂದು ವರ್ಷ ಹತ್ತಿದೀನಿ ಆ ಗುಡ್ಡ. ಮೊದಲನೇ ವರ್ಷ ನನ್ನ ಕಂಡ್ರೆ ಮಕ್ಕಳನ್ನ ಎತ್ಕೊಂಡು ಓಡ್ತಿದ್ರು. ಈಗ ತಾವೇ ಸಾಲಲ್ಲಿ ನಿಂತಿರ್ತಾರೆ. ನಿಲ್ಲಿಸಿದ್ರೆ ಮತ್ತೆ ಮೊದಲಿಂದ."

ಇಪ್ಪತ್ತೆರಡಕ್ಕೆ ಹದಿಮೂರು ದಿನ ಇತ್ತು.

ಮಗ ಆ ವಾರವೆಲ್ಲ ಆ ಗಾಡಿಗೇ ಅಂಟಿಕೊಂಡ. ಬೆಲ್ಟು ಬಿಗಿ ಮಾಡಿದ. ಅರ್ತ್ ವೈರು ಬಿಚ್ಚಿ, ಉಜ್ಜಿ, ಮತ್ತೆ ಕಟ್ಟಿದ. ಬ್ಯಾಟರಿಯನ್ನು ರಾತ್ರಿಯಿಡೀ ಬೇರೆ ಇಟ್ಟು ನೋಡಿದ, ಅದರ ಚಾರ್ಜು ಸೋರುತ್ತಿರಲಿಲ್ಲ. ರೆಗ್ಯುಲೇಟರ್ ಬದಲಿಸಿದ. ಪ್ರತಿ ಸಲವೂ ಹೆದ್ದಾರಿಗೆ ಒಯ್ದು ಇಪ್ಪತ್ತು ಕಿಲೋಮೀಟರ್ ಓಡಿಸಿ ತರುತ್ತಿದ್ದ. ಪ್ರತಿ ಸಲವೂ ಹದಿನಾಲ್ಕು ಪಾಯಿಂಟ್ ಎರಡು. ಗುರುವಾರ ಅವಳು ಒಯ್ದಳು. ಮತ್ತೆ ತಳ್ಳಿಸಿಕೊಂಡು ಬಂದಳು.

"ನನ್ನ ಕೈಯಲ್ಲಿ ಸರಿಯಾಗೇ ಓಡುತ್ತೆ," ಅಂದ ಅವನು.

"ಅಂದ್ರೆ?"

"ಅಂದ್ರೆ ಏನಿಲ್ಲ. ನನ್ನ ಕೈಯಲ್ಲಿ ಸರಿಯಾಗೇ ಓಡುತ್ತೆ ಅಂದೆ."

"ಹಾಗಾದ್ರೆ ಇಪ್ಪತ್ತೆರಡಕ್ಕೆ ನೀವೇ ಸೂಜಿ ಚುಚ್ಚಿ ಬನ್ನಿ. ನಾನು ಶೆಡ್ಡಲ್ಲಿ ಕೂತು ಮೀಟರ್ ಹಿಡ್ಕೊಂಡಿರ್ತೀನಿ."

ಅವನಿಗೆ ನಗು ಬಂತು. ಆದರೆ ನಗುವ ಹೊತ್ತಲ್ಲ ಎಂದು ತಿಳಿದು ನೀರು ಕುಡಿದ. ಅವಳಿಗೆ ಅದೂ ಕಂಡಿತು.

ಶನಿವಾರ ಸೊಸೆ ಆರೋಗ್ಯ ಕೇಂದ್ರಕ್ಕೆ ಅಂತ ಗಾಡಿ ತೆಗೆದುಕೊಂಡು ಹೋಗಿ ಮೂರು ತಾಸು ತಡವಾಗಿ ಬಂದಳು. ನಾನು ಕೇಳಲಿಲ್ಲ. ಅವಳೇ ಹೇಳಿದಳು, ತರಕಾರಿ ಹೆಚ್ಚುವಾಗ, ತಲೆ ತಗ್ಗಿಸಿಕೊಂಡು.

"ಮಾರ್ಕೆಟ್ ಹಿಂದೆ ಆ ರೇಡಿಯೋ ಇದಾರಲ್ಲ, ಅವರ ಹತ್ರ ತೋರಿಸ್ದೆ ಅತ್ತೆ."

ರೇಡಿಯೋ ಕೂಡ ನನ್ನ ಮಗನ ಕಸುಬಿನವನೇ. ಬಾಯಿ ಮುಚ್ಚುವುದಿಲ್ಲವೆಂದು ಊರೆಲ್ಲ ಇಟ್ಟ ಹೆಸರು ಅದು. ಇಪ್ಪತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ.

"ಅವನ ಹತ್ರಾನೇ ಹೋಗ್ಬೇಕಿತ್ತಾ?"

"ಇನ್ಯಾರಿದಾರೆ? ಕಾರ್ಬನ್ ಬದಲಿಸಿ, ಒಂದು ವೈರಿಗೆ ಟೇಪ್ ಸುತ್ತಿ, ಗುರ್ ಅನ್ನಿಸಿ ನೋಡಿದ್ರು. ಎಲ್ಲ ಚೆನ್ನಾಗಿದೆಯಮ್ಮ ಅಂದ್ರು. ನಮ್ಮನೆಯವರಿಗೆ ಹೇಳ್ಬೇಡಿ ಅಂದೆ. 'ಇಪ್ಪತ್ತು ವರ್ಷದಲ್ಲಿ ನಾನು ಹೊರಗೆ ಬಿಡದ ಮೊದಲನೇ ಸುದ್ದಿ ಇದು' ಅಂದ್ರು. ಕಾರ್ಬನ್ ದುಡ್ಡೂ ತಗೊಳ್ಲಿಲ್ಲ."

ರೇಡಿಯೋ ಮಾತು ಉಳಿಸಿಕೊಂಡ. ಗುಟ್ಟು ಬಿಟ್ಟುಕೊಟ್ಟದ್ದು ಅವನು ಸುತ್ತಿದ ಟೇಪು.

ನನ್ನ ಮಗ ವೈರು ಜೋಡಿಸಿದರೆ ಮೊದಲು ಹತ್ತಿಯ ದಾರ ಬಿಗಿಯಾಗಿ ಸುತ್ತುತ್ತಾನೆ, ಅದರ ಮೇಲೆ ಟೇಪು, ಟೇಪಿನ ಕೊನೆ ಯಾವಾಗಲೂ ಕೆಳಮುಖ. ನೀರು ಇಳಿದು ಹೋಗಲಿ ಅಂತ. ಅದನ್ನು ಅವನು ಕಲಿತದ್ದು ನನ್ನ ಅಪ್ಪನಿಂದ. ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿದವನು ಹಾಗೇ ನಿಂತುಬಿಟ್ಟ. ಆಮೇಲೆ ಅಡುಗೆಮನೆಗೆ ಬಂದ. ಕೈಯಲ್ಲಿ ಬೆರಳುದ್ದದ ಕಪ್ಪು ಟೇಪಿನ ಚೂರು.

"ಇದು ಯಾರ ಕೈ?"

ಸೊಸೆ ಒಲೆಯ ಮುಂದಿದ್ದಳು. ತಿರುಗಲಿಲ್ಲ. "ರೇಡಿಯೋದು."

"ನನ್ನ ಗಾಡಿಗೆ."

"ನಮ್ಮ ಗಾಡಿಗೆ. ಮೂರು ಸಲ ನಿಲ್ತು. ನಾಲ್ಕನೇ ಸಲ ನಿಲ್ಲೋಕೆ ನನಗೆ ಅವಕಾಶ ಇಲ್ಲ."

"ಊರೋರ ಗಾಡಿ ಎಲ್ಲ ನನ್ನ ಹತ್ರ ಬರುತ್ತೆ. ನನ್ನ ಹೆಂಡ್ತಿ ನನ್ನ ಗಾಡಿನ ಅವನ ಹತ್ರ ಒಯ್ದಳು."

"ಅವನ ಹತ್ರ ಅಲ್ಲ, ಯಾರ ಹತ್ರ ಆದ್ರೂ ಒಯ್ತಿದ್ದೆ. ಗುಡ್ಡದ ಮೇಲೆ ನಿಂತು ನಾಲ್ಕು ಜನರ ಕೈಲಿ ತಳ್ಳಿಸೋದು ನಾನು, ನೀವಲ್ಲ."

"ಏನಂದ ಅವನು?"

"ಚೆನ್ನಾಗಿದೆ ಅಂದ್ರು."

"ಮತ್ತೆ ನಾನೇನು ಹೇಳ್ತಿದ್ದೆ ಇಷ್ಟು ದಿನ?"

"ನೀವಿಬ್ರೂ ಸೇರಿ ಚೆನ್ನಾಗಿದೆ ಅನ್ನಿ. ಗಾಡಿಗೆ ಮಾತ್ರ ಗೊತ್ತಿಲ್ಲ ಪಾಪ."

ಆ ದಿನದಿಂದ ಅವನು ಮನೆಯ ಊಟ ಬಿಟ್ಟ. ಬೀದಿ ತುದಿಯ ಕ್ಯಾಂಟೀನಿನಿಂದ ಬ್ರೆಡ್ಡು, ಬಾಳೆಹಣ್ಣು ತಂದು ಶೆಡ್ಡಿನಲ್ಲಿ ತಿನ್ನುತ್ತಿದ್ದ. ಸೊಸೆ ದಿನವೂ ಅವನ ಪಾಲಿನ ಅನ್ನ ಅಳೆದೇ ಹಾಕುತ್ತಿದ್ದಳು. ಉಳಿದದ್ದನ್ನು ಬೆಳಿಗ್ಗೆ ತಾನೇ ಬಿಸಿ ಮಾಡಿ ತಿಂದು ಕೆಲಸಕ್ಕೆ ಹೋಗುತ್ತಿದ್ದಳು. ಇಬ್ಬರ ಮಾತೂ ಈಗ ಇಲಿಯ ಮೂಲಕ ಇಲ್ಲವೇ ನನ್ನ ಮೂಲಕ.

ಮಂಗಳವಾರ ಇಲಿ ತಟ್ಟೆ ಹಿಡಿದುಕೊಂಡೇ ಶೆಡ್ಡಿಗೆ ಹೋದಳು. ನಾನೂ ಹಿಂದೆಯೇ ಹೋದೆ, ಅವನು ಅವಳ ಮೇಲೆ ರೇಗಬಾರದು ಅಂತ.

"ಅಪ್ಪ, ಒಂದು ಹೇಳ್ಲಾ? ನೀನು ಸ್ಟಾರ್ಟ್ ಮಾಡಿದ್ರೆ ಹದಿನಾಲ್ಕು ಬರುತ್ತೆ. ನಿನ್ನೆ ಅಮ್ಮ ಹೊರಡೋವಾಗ ಕಿಟಕಿ ಹೊರಗಿಂದ ತಂಪು ಪೆಟ್ಟಿಗೆ ಸಾಕೆಟ್ಟಿಗೆ ಮೀಟರ್ ಇಟ್ಟು ನೋಡ್ದೆ. ಹನ್ನೆರಡು ಪಾಯಿಂಟ್ ಒಂದು. ಗೇಟ್ ದಾಟೋವರೆಗೂ ಪಕ್ಕದಲ್ಲೇ ಓಡ್ದೆ. ಅಷ್ಟೇ ಇತ್ತು."

"ಮೀಟರ್ ಸರಿಯಾಗಿ ಹಿಡಿದಿರಲ್ಲ ನೀನು."

"ಹಿಡಿದಿದ್ದೆ. ನೀನು ಹೆದ್ದಾರಿಗೆ ಹೋಗಿ ನೋಡ್ತೀಯ. ಅಮ್ಮ ಹೋಗೋದು ಗುಡ್ಡಕ್ಕೆ. ಒಂದ್ಸಲನಾದ್ರೂ ಅವಳ ಪಕ್ಕ ಕೂತು ಹೋಗಿದ್ಯಾ?"

ಅವನು ಬ್ರೆಡ್ಡಿನ ಪೊಟ್ಟಣ ಮಡಚಿದ. "ನನಗೆ ಇಲ್ಲಿ ನೂರು ಕೆಲಸ."

"ಹನ್ನೊಂದು ವರ್ಷದಿಂದ ನೂರು ಕೆಲಸ," ಅಂದೆ ನಾನು. ಹೆಚ್ಚು ಹೇಳಲಿಲ್ಲ. ಮಗನಿಗೆ ನಲವತ್ತೊಂಬತ್ತಾದರೂ ತಾಯಿ ಒಂದೇ ಸಾಲು ಹೇಳಿದರೆ ಅದಕ್ಕೆ ಬೆಲೆ.

ಇಪ್ಪತ್ತನೇ ತಾರೀಕು ಬೆಳಿಗ್ಗೆ, ಲಸಿಕೆ ಸುತ್ತಿನ ಎರಡು ದಿನ ಮೊದಲು, ನಾವು ನಾಲ್ವರೂ ಗಾಡಿ ಹತ್ತಿದೆವು. ನಾನು ಯಾಕೆಂದರೆ ಗಂಡ ಹೆಂಡತಿಯ ನಡುವೆ ಕೂರಲು ಒಬ್ಬರು ಬೇಕಿತ್ತು. ಮುಂದಿನ ಉದ್ದ ಸೀಟಿನ ನಡುವೆ, ಮೊಣಕಾಲಿನ ಹತ್ತಿರ ಎರಡು ಗೇರಿನ ಕೋಲುಗಳನ್ನು ಇಟ್ಟುಕೊಂಡು ಕೂತೆ. ಇಲಿ ಹಿಂದೆ ಖಾಲಿ ತಂಪು ಪೆಟ್ಟಿಗೆಯ ಪಕ್ಕ. ಮಗನ ತೊಡೆಯ ಮೇಲೆ ಮೀಟರು. ಅದರ ವೈರನ್ನು ಪೆಟ್ಟಿಗೆಯ ಸಾಕೆಟ್ಟಿಗೆ ಸಿಕ್ಕಿಸಿದ್ದ.

ಸೊಸೆ ಕೀಲಿ ತಿರುಗಿಸಿದಳು. ಎಂಜಿನ್ ಕೆಮ್ಮಿ ಶುರುವಾಯಿತು. ಅವಳು ಆಕ್ಸಿಲರೇಟರ್ ಮುಟ್ಟಲಿಲ್ಲ. ಮಲಗಿದ ಮಗುವಿನ ತೊಟ್ಟಿಲು ಸರಿಸುವಂತೆ ಕ್ಲಚ್ಚು ಬಿಟ್ಟಳು. ಗಾಡಿ ಹೊರಟಿತು.

"ಹನ್ನೆರಡು ಪಾಯಿಂಟ್ ಎರಡು," ಅಂದ ಮಗ. ಸ್ವಲ್ಪ ಹೊತ್ತಿನ ಮೇಲೆ, "ಹನ್ನೆರಡು ಪಾಯಿಂಟ್ ಒಂದು." ಅವನ ದನಿ ಸಣ್ಣದಾಗಿತ್ತು. "ಅಮ್ಮ, ಒಂದ್ಸಲ ಜೋರಾಗಿ ತುಳಿಯೋಕೆ ಹೇಳು ಅವಳಿಗೆ."

"ತುಳಿಯಬೇಕಂತೆ," ಅಂದೆ.

"ಆಗಲ್ಲ ಅಂತ ಹೇಳಿ ಅತ್ತೆ. ಮುಂದಿನ ತಿರುವು ನೋಡ್ಲಿ, ಆಮೇಲೆ ಹೇಳ್ಲಿ."

ತಿರುವು ಬಂತು. ರಸ್ತೆ ಎಂಬುದು ಕಲ್ಲುಗಳ ಒಂದು ರಾಶಿ. ಎಡಕ್ಕೆ ಬಂಡೆ, ಬಲಕ್ಕೆ ಏನೂ ಇಲ್ಲ. ಅವಳು ಸಣ್ಣ ಕೋಲನ್ನು ಎಳೆದು ನಾಲ್ಕೂ ಚಕ್ರಕ್ಕೆ ಬಲ ಕೊಟ್ಟಳು. ಚಕ್ರ ಒಂದೊಂದೇ ಕಲ್ಲನ್ನು ಹುಡುಕಿ ಹತ್ತಿತು. ನನ್ನ ಮಗನ ಕೈ ಕಿಟಕಿಯ ಕಂಬಿಯನ್ನು ಹಿಡಿದದ್ದು ಬಿಡಲಿಲ್ಲ.

"ಇದೇ ರಸ್ತೆಯಲ್ಲಿ ಹೆರಿಗೆ ನೋವಿನವರನ್ನ ಕರ್ಕೊಂಡು ಇಳಿದಿದೀನಿ," ಅಂದಳು ಸೊಸೆ, ನನಗೇ ಅನ್ನುವಂತೆ. "ಜೋರಾಗಿ ತುಳಿಯೋ ಕಾಲು ನನಗೆ ಯಾವತ್ತೋ ಹೋಯ್ತು."

ಮೊದಲನೇ ಊರು ತಲುಪಿದಾಗ ಅವಳು ಗಾಡಿಯ ಮೂತಿಯನ್ನು ಇಳಿಜಾರಿನ ಕಡೆ ತಿರುಗಿಸಿ, ಅಲ್ಲೇ ಬಿದ್ದಿದ್ದ ಒಂದು ಕಲ್ಲು ಚಕ್ರಕ್ಕೆ ಸರಿಯಾಗಿ ಬರುವಂತೆ ನಿಲ್ಲಿಸಿದಳು. ಆ ಕಲ್ಲು ಯಾರೋ ಅವಳಿಗಾಗಿಯೇ ಇಟ್ಟದ್ದು. ಎಂಜಿನ್ ಆರಿಸಿದಳು. ನಾವು ಇಳಿಯುವಷ್ಟರಲ್ಲಿ ನಾಲ್ಕು ಗಂಡಸರು ಬಂದು ಗಾಡಿಯ ಹಿಂದೆ ನಿಂತಿದ್ದರು. ಯಾರೂ ಕರೆದಿರಲಿಲ್ಲ. ಒಬ್ಬ ತೋಳು ಮಡಚುತ್ತಾ ಕೇಳಿದ, "ನರ್ಸಮ್ಮ, ಈಗ್ಲೇ ತಳ್ಳೋದಾ, ಟೀ ಕುಡಿದು ತಳ್ಳೋದಾ?"

"ಇವತ್ತು ಬೇಡಣ್ಣ, ಇವರು ನೋಡ್ತಾರೆ."

"ಇವರು ಯಾರು?"

"ನಮ್ಮ ಮನೆಯವರು. ಗಾಡಿ ಕೆಲಸ ಮಾಡ್ತಾರೆ."

ನಾಲ್ವರೂ ನನ್ನ ಮಗನನ್ನು ನೋಡಿದರು. ಒಬ್ಬ ದಾಕ್ಷಿಣ್ಯಕ್ಕೆ ಹೋಗಿ ಅವನಿಗೆ ಕೂರಲು ಮಣೆ ತಂದುಕೊಟ್ಟ. ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು.

ಅವನು ಮಣೆಯ ಮೇಲೆ ಕೂರಲಿಲ್ಲ. ಬಾನೆಟ್ ಎತ್ತಿ, ಆಲ್ಟರ್ನೇಟರಿನ ಹಿಂದೆ ಸಿಕ್ಕಿಸಿದ್ದ ಸಣ್ಣ ವೈರನ್ನು ಬಿಡಿಸಿದ. "ಇಲಿ, ಕೀಲಿ ಆನ್ ಮಾಡು. ಸ್ಟಾರ್ಟ್ ಬೇಡ." ಟೆಸ್ಟ್ ಲ್ಯಾಂಪಿನ ಮೊನೆಯನ್ನು ಆ ವೈರಿಗೆ ಇಟ್ಟ. ದೀಪ ಹತ್ತಲಿಲ್ಲ. ಮತ್ತೆ ಇಟ್ಟ. ಹತ್ತಲಿಲ್ಲ.

"ಇಲ್ಲಿಗೆ ಕರೆಂಟೇ ಬರ್ತಿಲ್ಲ," ಅಂದ ನಿಧಾನವಾಗಿ.

"ಈ ವೈರು ಎಲ್ಲಿಂದ ಬರುತ್ತೆ?" ಅಂತ ಕೇಳಿದೆ.

"ಡ್ಯಾಶ್‌ಬೋರ್ಡಿನ ಕೆಂಪು ದೀಪದಿಂದ ಅಜ್ಜಿ," ಅಂದಳು ಇಲಿ, ಆಗಲೇ ಸ್ಟೀರಿಂಗಿನ ಕೆಳಗೆ ತೂರಿದ್ದಳು. "ಒಲೆ ಹಚ್ಚೋಕೆ ಕಡ್ಡಿ ಬೇಕಲ್ಲ, ಹಾಗೆ. ಕೀಲಿ ತಿರುಗಿಸಿದಾಗ ಆ ದೀಪದ ಮೂಲಕ ಒಂದು ಚೂರು ಕರೆಂಟು ಹೋಗಿ ಆಲ್ಟರ್ನೇಟರನ್ನ ಹಚ್ಚಬೇಕು. ಕಡ್ಡಿ ಇಲ್ದೆ ಹೋದ್ರೂ ಅಪ್ಪನ ಹಾಗೆ ಜೋರಾಗಿ ತುಳಿದ್ರೆ ಒಳಗಿರೋ ಕೆಂಡದಿಂದಲೇ ಹೊತ್ತಿಕೊಳ್ಳುತ್ತೆ. ಸುಟ್ಟುಹೋದ ಹಳೇ ಆಲ್ಟರ್ನೇಟರಲ್ಲಿ ಕೆಂಡ ಜಾಸ್ತಿ ಇತ್ತು, ಅಮ್ಮ ಮೆಲ್ಲಗೆ ಓಡಿಸಿದ್ರೂ ಹೊತ್ತಿಕೊಳ್ತಿತ್ತು. ಇದರಲ್ಲಿ ಕಡಿಮೆ." ಅವಳ ಮಾತು ನಿಂತಿತು. "ಅಪ್ಪ. ಇಲ್ಲಿ ಬಲ್ಬೇ ಇಲ್ಲ."

"ಸುಟ್ಟಿರ್ಬೇಕು."

"ಸುಟ್ಟಿಲ್ಲ. ಇಲ್ಲ. ಹೋಲ್ಡರ್ ಖಾಲಿ. ಯಾರೋ ತೆಗೆದು, ಹೋಲ್ಡರಿಗೆ ದಾರ ಸುತ್ತಿ, ಮೇಲೆ ಟೇಪ್ ಹಾಕಿದಾರೆ. ಕೊನೆ ಕೆಳಮುಖ."

ನನ್ನ ಮಗ ಬಾನೆಟ್ಟಿನ ಅಂಚನ್ನು ಹಿಡಿದುಕೊಂಡ. ಸೊಸೆ ಅವನನ್ನು ನೋಡಿದಳು, ಎಷ್ಟೋ ದಿನದ ಮೇಲೆ ನೇರವಾಗಿ.

"ನಾನು ಗಾಡಿ ಕಲಿಯೋವಾಗ," ಅಂದಳು.

ಹದಿನೆಂಟು ವರ್ಷದ ಹಿಂದಿನ ಮಾತು. ಆಗ ಆ ಕೆಂಪು ದೀಪ ಆಗಾಗ ಮಿಣುಕುತ್ತಿತ್ತಂತೆ. ಅದು ಮಿಣುಕಿದಾಗಲೆಲ್ಲ ಇವಳಿಗೆ ಎದೆ ಹಾರಿ, ನಡುರಸ್ತೆಯಲ್ಲೇ ಗಾಡಿ ನಿಲ್ಲಿಸಿ ಇಳಿದುಬಿಡುತ್ತಿದ್ದಳು. ಒಂದು ದಿನ ಲಾರಿಯೊಂದು ಹಿಂದಿನಿಂದ ಬಂದು ಕೂದಲೆಳೆಯಲ್ಲಿ ತಪ್ಪಿತು. ಅವತ್ತು ಸಂಜೆ ಅವನು ಆ ಬಲ್ಬ್ ಕಿತ್ತು, "ರಸ್ತೆ ನೀನು ನೋಡ್ಕೋ, ಎಂಜಿನ್ ನಾನು ನೋಡ್ಕೋತೀನಿ," ಅಂದಿದ್ದ. ವಾರದೊಳಗೆ ಅವಳು ಕಲಿತಳು.

ಬೇರೆಯವರ ಗಾಡಿಯಾಗಿದ್ದರೆ ಅವನು ಮೊದಲು ನೋಡುತ್ತಿದ್ದುದೇ ಆ ದೀಪವನ್ನು. ತನ್ನ ಗಾಡಿಯಲ್ಲಿ ಅದು ಹತ್ತದಿರುವುದು ಅವನಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಅಲ್ಲೊಂದು ದೀಪವಿತ್ತು ಎಂಬುದೇ ಮರೆತಿತ್ತು.

"ನನ್ನ ತಪ್ಪು," ಅಂದ. ಅವಳಿಗೆ ಹೇಳು ಅಂತ ನನಗೆ ಒಪ್ಪಿಸಲಿಲ್ಲ. ಅವಳಿಗೇ ಹೇಳಿದ.

"ತೆಗೀರಿ ಅಂದವಳು ನಾನೇ," ಅಂದಳು ಅವಳು. ಆದರೆ ಮುಖ ಸಡಿಲವಾಗಲಿಲ್ಲ.

ಇಲಿ ವೇಗ ತೋರಿಸುವ ಮುಳ್ಳಿನ ಹಿಂದಿದ್ದ ಪುಟ್ಟ ಬಲ್ಬನ್ನು ಕಿತ್ತು ಆ ಖಾಲಿ ಜಾಗಕ್ಕೆ ಹಾಕಿದಳು. ಕೀಲಿ ತಿರುಗಿಸಿದರೆ ಕೆಂಪು ದೀಪ ಹತ್ತಿತು. ಸೊಸೆ ಮೆಲ್ಲಗೆ ಶುರು ಮಾಡಿದಳು, ತನ್ನ ರೀತಿಯಲ್ಲಿ. ದೀಪ ಆರಿತು.

"ಹದಿಮೂರು ಪಾಯಿಂಟ್ ಒಂಬತ್ತು," ಅಂದ ಮಗ. "ಹದಿನಾಲ್ಕು."

ತೋಳು ಮಡಚಿದ್ದವನು ತೋಳು ಇಳಿಸಿಕೊಂಡು, "ಹಾಗಾದ್ರೆ ನಮಗೆ ಕೆಲಸ ಇಲ್ಲ," ಅಂದ. ನಕ್ಕದ್ದು ಇಲಿ ಒಬ್ಬಳೇ.

ದಾರಿಯಲ್ಲಿ ವಾಪಸಾಗುವಾಗ ಮಗ ಕೇಳಿದ, "ನಾಡಿದ್ದು ನಾನೂ ಬರ್ಲಾ? ಏನಾದ್ರೂ ಆದ್ರೆ ಜೊತೆಗಿರ್ತೀನಿ."

"ಬೇಡ."

"ಇನ್ನೂ ನಂಬಿಕೆ ಇಲ್ವಾ?"

"ಒಂದು ಊರಲ್ಲಿ ಒಂದ್ಸಲ ಸ್ಟಾರ್ಟ್ ಆಗಿದೆ. ಚೆನ್ನಾಗಿದೆ ಅಂತ ಈ ತಿಂಗಳಲ್ಲಿ ನನಗೆ ನಾಲ್ಕು ಸಲ ಹೇಳಿದಾರೆ. ಈ ಸಲ ಗಾಡಿನೇ ಹೇಳ್ಲಿ."

ಅವನು ಮರುದಿನ ಸಂಜೆವರೆಗೆ ಶೆಡ್ಡಿನಲ್ಲಿ ಕೂತು ಪ್ರತಿಯೊಂದು ಜೋಡಣೆಯನ್ನೂ ಬಿಚ್ಚಿ ಮತ್ತೆ ಕಟ್ಟಿದ. ರೇಡಿಯೋ ಸುತ್ತಿದ್ದ ಟೇಪಿನ ಜಾಗವನ್ನೂ ನೋಡಿದ. "ಕೆಲಸ ಗಟ್ಟಿಯಾಗೇ ಮಾಡಿದಾನೆ," ಅಂದ ಇಲಿಗೆ, ಒಲ್ಲದ ದನಿಯಲ್ಲಿ. ಊಟಕ್ಕೆ ಮಾತ್ರ ಒಳಗೆ ಬರಲಿಲ್ಲ. ಮುನಿಸು ಹೋಗಿತ್ತು, ಈಗ ಬರಲು ಅವನಿಗೆ ನಾಚಿಕೆ.

ಇಪ್ಪತ್ತೆರಡನೇ ತಾರೀಕು ಬೆಳಗಿನ ಆರಕ್ಕೆ ಸೊಸೆ ಹೊರಟಳು. ತಂಪು ಪೆಟ್ಟಿಗೆಯಲ್ಲಿ ನೂರ ನಲವತ್ತು ಮಕ್ಕಳಿಗಾಗುವಷ್ಟು ಲಸಿಕೆ. ನಾಲ್ಕು ಗಂಟೆಗೆ ಬಂದುಬಿಡುತ್ತೇನೆ ಅಂದಿದ್ದಳು. ಗುಡ್ಡದ ಮೇಲೆ ಫೋನು ಸಿಗುವುದಿಲ್ಲ.

ನಾಲ್ಕಾಯಿತು. ಮಗ ಗೇಟಿನ ಹತ್ತಿರ ಒಂದು ಸ್ಕೂಟರಿನ ಕೆಲಸ ಹಚ್ಚಿಕೊಂಡಿದ್ದ. ಅದೇ ಸ್ಕ್ರೂ ಬಿಚ್ಚುತ್ತಿದ್ದ, ಅದನ್ನೇ ಹಾಕುತ್ತಿದ್ದ.

ಐದು ಗಂಟೆಗೆ ಆರೋಗ್ಯ ಕೇಂದ್ರದಿಂದ ಫೋನು ಬಂತು. ಇಲಿ ಎತ್ತಿದಳು. "ಇಲ್ಲ, ಇನ್ನೂ ಬಂದಿಲ್ಲ. ಇಲ್ಲ ಸರ್, ನಿಂತಿರಲ್ಲ." ಇಟ್ಟವಳು, "ದೊಡ್ಡ ಡಾಕ್ಟರು. ಗಾಡಿ ನಿಂತಿದ್ಯಾ ಅಂತ ಕೇಳಿದ್ರು," ಅಂದಳು.

"ನೀನ್ಯಾಕೆ ನಿಂತಿರಲ್ಲ ಅಂದೆ? ನಿನಗೆ ಗೊತ್ತಾ?" ಅಂತ ಮಗ ರೇಗಿದ.

"ನಿನಗೆ ಗೊತ್ತಿಲ್ವಾ?"

ಅವನು ಸ್ಪ್ಯಾನರ್ ಎಸೆದು, ಮತ್ತೆ ಹೋಗಿ ಎತ್ತಿಕೊಂಡ. ಐದೂವರೆಗೆ ಸ್ಕೂಟರನ್ನೇ ತೆಗೆದು ಗುಡ್ಡದ ಕಡೆ ಹೊರಟವನನ್ನು ನಾನು ತಡೆದೆ. "ದಾರಿಯಲ್ಲಿ ನಿನ್ನ ಕಂಡ್ರೆ ಅವಳಿಗೆ ಏನನ್ನಿಸುತ್ತೆ?" ಅಂದೆ. ಅವನು ಗೇಟಿನಲ್ಲೇ ನಿಂತ.

ಬೆಳಕು ಹಳದಿಯಾಗಿ ಆರುವ ಹೊತ್ತಿಗೆ ಬೀದಿಯ ತುದಿಯಲ್ಲಿ ಆ ಎಂಜಿನ್ನಿನ ಸದ್ದು ಕೇಳಿಸಿತು. ಅವಸರವಿಲ್ಲದ ಸದ್ದು. ಗಾಡಿ ಒಳಗೆ ಬಂದು ನಿಂತಿತು. ಸೊಸೆ ಇಳಿಯಲಿಲ್ಲ. ಎಂಜಿನ್ನನ್ನೂ ಆರಿಸಲಿಲ್ಲ; ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು.

ಇಲಿ ಓಡಿದಳು. "ಏನಮ್ಮ, ಏನಾಯ್ತು?"

"ಏನಾಗುತ್ತೆ? ಕೊನೇ ಊರಿಗೆ ಆ ಕಡೆ ಗುಡ್ಡದವರೂ ಮಕ್ಕಳನ್ನ ಹೊತ್ಕೊಂಡು ಬಂದಿದ್ರು. ಹನ್ನೊಂದು ಮಕ್ಕಳು. ವಾಪಸ್ ಕಳ್ಸೋಕಾಗುತ್ತಾ?" ಅವಳ ಗಂಟಲು ಒಣಗಿತ್ತು. "ನಾಲ್ಕು ಊರಲ್ಲೂ ಆಫ್ ಮಾಡ್ದೆ. ನಾಲ್ಕು ಊರಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ತಳ್ಳೋಕೆ ಬಂದವರು ಸುಮ್ನೆ ನಿಂತು ನೋಡಿ ಹೋದ್ರು. ಡಾಕ್ಟರಿಗೆ ಫೋನ್ ಮಾಡು, ಖಾಲಿ ಪೆಟ್ಟಿಗೆ ನಾಳೆ ಬೆಳಿಗ್ಗೆ ತರ್ತೀನಿ ಅಂತ ಹೇಳು. ಮುಂದಿನ ಗುರುವಾರ ಮತ್ತೆ ಹೋಗ್ತೀನಿ ಅಂತಾನೂ ಹೇಳು."

"ಮತ್ತೆ ಈಗ್ಯಾಕೆ ಆರಿಸಿಲ್ಲ?"

"ಕೈ ಬರ್ತಿಲ್ಲ ಕಣೆ. ಸುಸ್ತು."

ಅವಳ ಮಧ್ಯಾಹ್ನದ ಡಬ್ಬಿ ಪಕ್ಕದ ಸೀಟಿನ ಮೇಲೆ ಮುಚ್ಚಳ ತೆಗೆಯದೆ ಹಾಗೇ ಇತ್ತು.

ಮಗ ಕಿಟಕಿಯ ಹತ್ತಿರ ಹೋದ. ಒಳಗೆ ಕೈ ಹಾಕಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದ. ಅಂಗಳ ಒಮ್ಮೆಲೇ ನಿಶ್ಶಬ್ದವಾಯಿತು. ಒಂಬತ್ತು ದಿನದ ಮೇಲೆ ಅಡುಗೆಮನೆಗೆ ಹೋದ. ನಾನು ಎದ್ದು ಬಡಿಸಲು ಹೋಗಲಿಲ್ಲ. ಇಲಿಯನ್ನೂ ಕಣ್ಣಲ್ಲೇ ತಡೆದೆ. ಪಾತ್ರೆಯ ಮುಚ್ಚಳ ಬಿದ್ದ ಸದ್ದು, ಕಡ್ಡಿ ಗೀಚಿದ ಸದ್ದು, ಮೊಟ್ಟೆ ಎಣ್ಣೆಗೆ ಬಿದ್ದ ಸದ್ದು ಕೇಳಿದವು.

ಸ್ವಲ್ಪ ಹೊತ್ತಿಗೆ ತಟ್ಟೆ ಹಿಡಿದು ಬಂದ. ಅನ್ನ, ಬಿಸಿ ಮಾಡಿದ ಬೇಳೆ, ಅಂಚು ಸ್ವಲ್ಪ ಕಪ್ಪಾದ ಮೊಟ್ಟೆ. ಗ್ರೀಸು ಹತ್ತದಿರಲೆಂದು ತಟ್ಟೆಯ ಕೆಳಗೆ ಒಗೆದ ಬಟ್ಟೆಯೊಂದನ್ನು ಹಿಡಿದಿದ್ದ. ಕಿಟಕಿಯಿಂದ ಒಳಗೆ ಕೊಟ್ಟ. ಅವಳು ಸ್ಟೀರಿಂಗಿನಿಂದ ಎರಡೂ ಕೈ ತೆಗೆದು ತಟ್ಟೆಯನ್ನು ತೆಗೆದುಕೊಂಡಳು.